ಎರಡನೇ ಭಾಗದ ದನಿ

ಮೊದಲನೇ ಭಾಗವೇ ಚೆನ್ನಾಗಿತ್ತು ಅನ್ನುವವರನ್ನು ಕಂಡರೆ ನನಗೆ ಈಗಲೂ ಮೈಯುರಿಯುತ್ತದೆ. ಸಿನಿಮಾ ಆಗಲಿ, ಹೋಟೆಲ್ ಆಗಲಿ, ಹಳೆಯದೇ ಚೆಂದ ಅಂದುಬಿಟ್ಟರೆ ವಾದ ಮುಗಿದಂತೆ ಎಂದು ಅವರು ತಿಳಿದಿರುತ್ತಾರೆ. ಇಂಥವರೊಬ್ಬರ ಜೊತೆ ನಾನು ಒಂದು ಇಡೀ ಬೇಸಿಗೆ ಜಗಳವಾಡಿದ್ದೇನೆ. ಅದೂ ಒಂದು ಕಂಪ್ಯೂಟರ್ ಆಟದ ಸಲುವಾಗಿ, ಲಿಂಗಂಪಲ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ. ಎದುರಾಳಿ ನನ್ನ ಒಡಹುಟ್ಟಿದ ಅಣ್ಣ.

ಹೈದರಾಬಾದಿನ ಆ ತುದಿಯಲ್ಲಿ ಆಗ ಬಂಡೆ ಸಿಡಿಸಿ ಸಿಡಿಸಿ ಕಂಪನಿಗಳನ್ನು ಕಟ್ಟುತ್ತಿದ್ದರು. ನಾನು ಅಂಥದೊಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕಿದ್ದೆ. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಹುಟ್ಟುಗುಣಕ್ಕೆ ಸಂಬಳವೂ ಸಿಕ್ಕಿತು ನೋಡು ಎಂದು ಅಣ್ಣ ಚುಡಾಯಿಸುತ್ತಿದ್ದ. ಅವನು ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಎಷ್ಟು ಸೋಪು ಹಚ್ಚಿ ತಿಕ್ಕಿಕೊಂಡರೂ ಮೈಯಿಂದ ಅಲ್ಲಿನ ಘಾಟು ಹೋಗುತ್ತಿರಲಿಲ್ಲ.

ನಮ್ಮದು ರಾಯಚೂರು ಜಿಲ್ಲೆ. ಅವ್ವ ತೀರಿಕೊಂಡಾಗ ಅಣ್ಣನಿಗೆ ಒಂಬತ್ತು ವರ್ಷ, ನನಗೆ ಎರಡೂ ತುಂಬಿರಲಿಲ್ಲ. ಅಪ್ಪ ಇನ್ನೊಂದು ಮದುವೆಯಾದ, ನಾವಿಬ್ಬರೂ ಸೋದರತ್ತೆಯ ಮನೆಯಲ್ಲಿ ಬೆಳೆದೆವು. ಅವ್ವನದೊಂದು ಫೋಟೊ ಇರುವುದರಿಂದ ಮುಖ ಗೊತ್ತು. ದನಿ ಗೊತ್ತಿಲ್ಲ. ಚಿಕ್ಕಂದಿನಿಂದಲೂ ನನಗೆ ಅದೊಂದೇ ಹಪಾಹಪಿ. ಅವ್ವನ ದನಿ ಹೆಂಗಿತ್ತು ಎಂದು ಅತ್ತೆಯನ್ನು ಕೇಳಿದರೆ, "ಛಲೋ ಇತ್ತು ತಗೋ" ಅಂದು ರೊಟ್ಟಿ ಬಡಿಯುವುದನ್ನು ಮುಂದುವರಿಸುತ್ತಿದ್ದಳು. ಅಣ್ಣನನ್ನು ಕೇಳಿದರೆ ಎದ್ದು ಹೋಗಿಬಿಡುತ್ತಿದ್ದ.

ಅಣ್ಣನಲ್ಲಿ ಇನ್ನೂ ಕೆಲವು ವಿಚಿತ್ರಗಳಿದ್ದವು. ನನ್ನ ಫೋನ್ ಎತ್ತುತ್ತಿರಲಿಲ್ಲ. ರಿಂಗ್ ಆಗುತ್ತಿದ್ದಂತೆ ಕಟ್ ಮಾಡಿ, "ಏನು?" ಎಂದು ಮೆಸೇಜ್ ಕಳಿಸುತ್ತಿದ್ದ. ಗ್ಯಾಸ್ ಮುಗಿದಿದೆ ಎಂದು ತಿಳಿಸಲು ನಾನು ಆ ಸಣ್ಣ ಗುಂಡಿಗಳನ್ನು ಒತ್ತುತ್ತ ಕೂರಬೇಕಿತ್ತು. ಇನ್ನೊಂದು, ನಮ್ಮ ಕಡೆ ಮಗಳನ್ನಾಗಲಿ ತಂಗಿಯನ್ನಾಗಲಿ ಮುದ್ದಿನಿಂದ ಯವ್ವಾ ಎಂದು ಕರೆಯುವುದು ವಾಡಿಕೆ. ಅತ್ತೆ ಕರೆಯುತ್ತಿದ್ದಳು, ಓಣಿಯವರೆಲ್ಲ ಕರೆಯುತ್ತಿದ್ದರು. ಅಣ್ಣನ ಬಾಯಲ್ಲಿ ಮಾತ್ರ ಯಾವಾಗಲೂ ಪೋರಿ.

ಇನ್ನು ಆಟದ ವಿಷಯ. ಅದೊಂದು ಮಾಯಾಲೋಕದ ಕತೆ. ನಾವು ಒಂದು ಪಾತ್ರವಾಗಿ ಅದರೊಳಗೆ ಹೋಗಬೇಕು, ಊರೂರು ಅಲೆಯಬೇಕು, ಜೊತೆಗಾರರನ್ನು ಕೂಡಿಸಿಕೊಳ್ಳಬೇಕು, ಹಾಳುಬಿದ್ದ ಕೋಟೆಯ ದೊರೆಯನ್ನು ಹುಡುಕಬೇಕು. ಮೊದಲನೇ ಭಾಗವನ್ನು ಅಣ್ಣ ಮತ್ತು ನಾನು ಸರದಿಯಂತೆ ಆಡಿ ಮುಗಿಸಿದ್ದೆವು. ಅದರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಾತೆಲ್ಲ ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುತ್ತಿತ್ತು. ಎರಡನೇ ಭಾಗ ಬಂದ ಸುದ್ದಿ ತಿಳಿದಾಗ, ಬಾಗಿಲಿಗೆ ಪರದೆ ಬಟ್ಟೆ ತರಲೆಂದು ಸುಲ್ತಾನ್ ಬಜಾರಿಗೆ ಹೋಗಿದ್ದ ನಾನು ಅಲ್ಲೇ ಫುಟ್‌ಪಾತಿನಲ್ಲಿ ಅದರ ಕಳ್ಳಪ್ರತಿಯ ಸಿ.ಡಿ.ಯನ್ನೂ ತಂದೆ. ಒಂದೇ ಚೀಲದಲ್ಲಿ ಪರದೆಯೂ ಆಟವೂ ಮನೆಗೆ ಬಂದವು.

ಈ ಭಾಗದಲ್ಲಿ ಪಾತ್ರಗಳಿಗೆ ದನಿಯಿತ್ತು. ಆದರೆ ನಮ್ಮ ಕಳ್ಳಪ್ರತಿ ಯಾವ ದೇಶದಿಂದ ಬಂದಿತ್ತೋ, ಅವರಾಡುವ ಭಾಷೆ ನಮಗೆ ಗೊತ್ತೇ ಇರಲಿಲ್ಲ. ಕೆಳಗಿನ ಅಕ್ಷರಗಳು ಮಾತ್ರ ಇಂಗ್ಲಿಷಿನವು. ನನಗೇನೂ ಬೇಸರವಾಗಲಿಲ್ಲ. ಅರ್ಧ ಹೈದರಾಬಾದೇ ನನಗೆ ಹಾಗೆ ಕೇಳಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಕಂಪನಿಯ ಇಬ್ಬರು ಬರುತ್ತಿದ್ದರು. ಒಬ್ಬಳು ಮೈಸೂರಿನ ಗೆಳತಿ, ಇನ್ನೊಬ್ಬ ವರಂಗಲ್ಲಿನ ಹುಡುಗ. ಬಿಸಿಲಿಗೆ ಕಿಟಕಿ ಮುಚ್ಚಿ, ನಾಲ್ವರೂ ಒಂದು ಕಂಪ್ಯೂಟರಿನ ಮುಂದೆ ಕೂತರೆ ಸಂಜೆಯತನಕ ಪಂಚಾಯಿತಿ. ಗೆಳತಿ ನನ್ನ ಪಕ್ಷ. "ನೀರು ಹರಿಯೋದು ನೋಡು, ಎಲೆ ಅಲ್ಲಾಡೋದು ನೋಡು. ಹಳೇದ್ರಲ್ಲಿ ಮರ ಅಂದ್ರೆ ಹಸಿರು ಡಬ್ಬ" ಅನ್ನುತ್ತಿದ್ದಳು. ವರಂಗಲ್ಲಿನವನಿಗೆ ಎರಡನೇ ಭಾಗದಲ್ಲಿ ದಾರಿ ತೋರಿಸುವ ಬಾಣದ ಗುರುತು ಕಂಡರೆ ಆಗುತ್ತಿರಲಿಲ್ಲ. "ರಸ್ತಾ ಉನೋಇಚ್ ಬತಾರೆ, ಫಿರ್ ಹಮ್ ಕಾಯ್ಕು ಖೇಲನಾ?" ದಾರಿಯನ್ನೂ ಅವರೇ ತೋರಿಸಿದರೆ ನಾವು ಆಡುವುದು ಯಾಕೆ ಎಂದು ಅವನ ತಕರಾರು. ಇದು ನ್ಯಾಯವಾದ ತಕರಾರು, ನಾನೂ ಒಪ್ಪಿದೆ.

ಅಣ್ಣನ ತಕರಾರಿಗೆ ಮಾತ್ರ ತಲೆಬುಡ ಇರಲಿಲ್ಲ. "ಅಕ್ಷರ ಇದ್ರ ಸಾಕಾಗಿತ್ತು. ದನಿ ಯಾಕ ಬೇಕಿತ್ತು ಇವಕ್ಕ?" ಎಂದು ಒಂದು ವಾರ. "ಮೊದಲಿನದ್ರಾಗ ಸತ್ತಾವ್ರು ಸತ್ತಂಗ ಇರತಿದ್ರು. ಇದ್ರಾಗ ಒಂದು ಸೀಸೆ ಔಷಧಿ ಕುಡಿಸಿದ್ರ ಎದ್ದು ಕುಂದರತಾರ" ಎಂದು ಇನ್ನೊಂದು ವಾರ. ಔಷಧ ಕಾರ್ಖಾನೆಯವನೇ ಹೀಗಂದರೆ ಹೇಗೆ ಎಂದು ನಾನು ನಕ್ಕೆ. ಅವನು ನಗಲಿಲ್ಲ.

ಆಟದ ನಡುವೆ ಒಂದು ಊರು ಬರುತ್ತದೆ. ಊರಿನ ಮನೆಗಳೆಲ್ಲ ತೆರೆದಿವೆ, ಒಳಗೆ ಯಾರೂ ಇಲ್ಲ. ಬಾವಿಕಟ್ಟೆಯ ಮೇಲೆ ಮುಸುಕು ಹಾಕಿಕೊಂಡ ಒಬ್ಬ ಹೆಂಗಸು ಮಾತ್ರ ಕೂತಿರುತ್ತಾಳೆ. ನಾವು ಹತ್ತಿರ ಹೋದರೆ ತಲೆಯೆತ್ತದೆ ಒಂದು ಮಾತಾಡುತ್ತಾಳೆ. ಅಲ್ಲೇ ನಿಂತಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಆಡುತ್ತಾಳೆ. ಪರವೂರಿನವರು ಈ ನೀರು ಕುಡಿಯಬಾರದು ಎಂದು ಕೆಳಗೆ ಅಕ್ಷರ ಮೂಡುತ್ತದೆ. ಮೊದಲ ಸಲ ಅವಳ ದನಿ ಕೇಳಿದಾಗ ನಾಲ್ವರೂ ಇದ್ದೆವು. ನನಗೆ ಸುಮ್ಮನೆ ಮೈ ಜುಮ್ಮೆಂದಿತು.

ಗೆಳತಿಯೇ ಮೊದಲು ಬಾಯಿಬಿಟ್ಟಳು. "ಏಯ್, ಇವಳು ನಿಮ್ಮ ಕಡೆ ಕನ್ನಡ ಮಾತಾಡ್ತಾಳೆ ಕಣೇ! ಯಾಕ ಹೊರಗ ನಿಂತಿ ಅಂದ ಹಾಗೆ ಕೇಳ್ಸಲ್ವಾ? ದನಿನೂ ಥೇಟ್ ನಿಂದೇ." ಹೆಂಗಸಿನ ದನಿ ಒಡಕು, ಅರ್ಧ ಗಂಟಲಲ್ಲೇ ಉಳಿಯುವಂಥದು. ನನಗೆ ಸಿಟ್ಟು ಬಂತು. "ನಾನೇನು ಹಂಗ ಕರಕರ ಅಂತೀನೇನು?" ಎಂದು ಜಗಳಕ್ಕೆ ನಿಂತೆ. ಅಷ್ಟರಲ್ಲಿ ಅಣ್ಣ ಕೈಚಾಚಿ ಸ್ಪೀಕರ್ ಆರಿಸಿದ. "ತಲಿ ನೋಯಾಕತ್ತೈತಿ" ಅಂದ. ಆಮೇಲೆ ಆ ಊರು ಬಂದಾಗಲೆಲ್ಲ ಅವನು ಆರಿಸುವುದು, ನಾನು ಹಚ್ಚುವುದು.

ಆಷಾಢದ ಒಂದು ಭಾನುವಾರ, ಊರಲ್ಲಿ ಬೋನಾಲು ಹಬ್ಬ. ನಮ್ಮ ಎದುರಿಗೆ ಏಳುತ್ತಿದ್ದ ಕಟ್ಟಡದ ಕೆಲಸವೂ ನಿಂತಿತ್ತು. ಅಲ್ಲಿ ಇಟ್ಟಿಗೆ ಹೊರುತ್ತಿದ್ದವರು ನಮ್ಮ ಜಿಲ್ಲೆಯವರೇ, ದಿನವಿಡೀ ಅವರ ಕನ್ನಡ ಕಿಟಕಿಯಿಂದ ಒಳಗೆ ಬರುತ್ತಿತ್ತು. ಅವತ್ತು ಅದೂ ಇಲ್ಲ. ದೂರದಲ್ಲೆಲ್ಲೋ ಡೊಳ್ಳು ಬಡಿಯುವ ಸದ್ದು ಬಿಟ್ಟರೆ ಬೀದಿ ಬೀದಿಯೇ ಖಾಲಿ. ಗೆಳೆಯರೂ ಬಂದಿರಲಿಲ್ಲ. ಅಣ್ಣ ಕಾರ್ಖಾನೆಗೆ ಹೋಗಿದ್ದ. ನಾನು ನನ್ನ ಪಾತ್ರವನ್ನು ಆ ಬಾವಿಯ ಹತ್ತಿರ ನಿಲ್ಲಿಸಿ, ಆಟ ಆರಿಸದೆ, ಒಗೆದ ಬಟ್ಟೆ ಒಣಹಾಕಲು ತಾರಸಿಗೆ ಹೋದೆ.

ಖಾಲಿ ಬಕೆಟ್ ಹಿಡಿದು ಮೆಟ್ಟಿಲಿಳಿದು ಬಂದಾಗ ಅಣ್ಣ ನಮ್ಮ ಬಾಗಿಲ ಮುಂದೆ ನಿಂತಿದ್ದ. ಬಾಗಿಲು ತೆರೆದೇ ಇತ್ತು, ಸುಲ್ತಾನ್ ಬಜಾರಿನ ಪರದೆ ಇಳಿಬಿದ್ದಿತ್ತು. ಒಂದು ಕಾಲಿನ ಬೂಟು ಬಿಚ್ಚಿದ್ದ, ಇನ್ನೊಂದು ಹಾಗೇ ಇತ್ತು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದನೋ. ಮೇಲಿನಿಂದ ಇಳಿದು ಬರುತ್ತಿರುವ ನನ್ನನ್ನು ನೋಡಿದ್ದೇ ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ನೀ ಮ್ಯಾಲ ಇದ್ದಿ?"

"ಹೂಂ, ಅರಿವಿ ಹಾಕಾಕ ಹೋಗಿದ್ದೆ."

"ಮತ್ತ ಒಳಗ ಯಾರದಾರ?"

ಯಾರೂ ಇಲ್ಲ ಎಂದು ನಾನು ಹೇಳುವುದಕ್ಕೂ, ಪರದೆಯ ಆಚೆಯಿಂದ ಆ ಒಡಕು ದನಿ ಮತ್ತೊಮ್ಮೆ ಮಾತಾಡುವುದಕ್ಕೂ ಸರಿಹೋಯಿತು. ಆಟದ ಹೆಂಗಸು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈಯಲ್ಲಿದ್ದ ಬಕೆಟ್ ಜಾರಿತು. ಬಾಗಿಲ ಪರದೆ ನೋಡುತ್ತ ಅದನ್ನು ಕೇಳಿದಾಗ, ಒಳಗೆ ನಮ್ಮ ಮನೆಯವರೇ ಯಾರೋ ಇದ್ದಾರೆ ಅನಿಸಿತು.

ಆ ವಾರ ಅಣ್ಣ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಶನಿವಾರ ಊಟಕ್ಕೆ ಕೂತಾಗ, "ಜೀಡಿಮೆಟ್ಲಾದಾಗ ಒಂದು ರೂಮ್ ನೋಡೀನಿ. ಡ್ಯೂಟಿಗೆ ಹತ್ರ ಆಗತೈತಿ" ಅಂದ. ನನಗೆ ಅಂತ ಇದ್ದವನು ಅವನೊಬ್ಬ. ಡ್ಯೂಟಿ ಅನ್ನುವುದು ನೆಪ ಎಂದು ಗೊತ್ತಾಗುತ್ತಿತ್ತು, ನಿಜ ಏನೆಂದು ಗೊತ್ತಾಗುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅವನು ಬಟ್ಟೆಗಳನ್ನು ಚೀಲಕ್ಕೆ ತುಂಬುವಾಗ ನಾನು ತಡೆಯಲಾರದೆ ಕೂಗಾಡಿದೆ. "ಒಂದು ಆಟದ ಸಲುವಾಗಿ ಮನಿ ಬಿಟ್ಟು ಹೊಂಟೀಯೇನು? ಮೊದಲಿನದೇ ಛಲೋ ಅಂತ ಬೇಕಾದ್ರ ಬರದು ಕೊಡ್ತೀನಿ. ಆ ಸಿ.ಡಿ. ಮುರದು ಒಗೀತೀನಿ."

ಅವನು ಚೀಲದ ಮೇಲೆ ಕೈಯಿಟ್ಟುಕೊಂಡು ಕೂತ. ಗೋಡೆ ನೋಡುತ್ತ ಹೇಳಿದ. "ಅವ್ವನ್ನ ಒಳಕೋಣ್ಯಾಗ ಮಲಗಿಸಿದ್ರು. ಅಂಟು ಜಡ್ಡು, ಹುಡುಗ್ರು ಒಳಗ ಹೋಗಬ್ಯಾಡ್ರಿ ಅಂದ್ರು. ಬಾಗಲಕ್ಕ ಒಂದು ಸೀರಿ ಕಟ್ಟಿದ್ರು. ನಾ ಹೊರಗ ನಿಂತಿದ್ದೆ. ಸೀರಿ ಕೆಳಗ ನನ್ನ ಕಾಲು ಕಂಡಿರಬೇಕು ಆಕಿಗೆ. ಯಾಕ ಹೊರಗ ನಿಂತಿ, ಒಳಗ ಬಾ ಅಂದ್ಲು. ಭಾಳ ಸಲ ಅಂದ್ಲು."

"ಯಾರರ ನಿನ್ನ ಹಿಡಕೊಂಡಿದ್ರೇನು?"

"ಯಾರೂ ಹಿಡಕೊಂಡಿದ್ದಿಲ್ಲ. ನಂಗ ಅಂಜಿಕಿ ಬಂತು. ಹೋಗಲಿಲ್ಲ ನಾ. ಆ ಬಾವಿ ಹೆಂಗಸಿಂದು ಅವ್ವನ ದನಿ ಐತಿ."

ಇದನ್ನು ಹೇಗೆ ಹೇಳಲಿ. ನನಗೆ ಅವನ ಮೇಲೆ ಕರುಣೆ ಬರುವ ಮೊದಲು ಆಸೆ ಬಂತು. ಅವ್ವನ ದನಿ! ನಾನು ಓಡಿಹೋಗಿ ಕಂಪ್ಯೂಟರ್ ಹಚ್ಚಿ, ಆಟ ತೆರೆದು, ಬಾವಿಯ ಮುಂದೆ ನಿಂತೆ. ಅಣ್ಣ ಬೇಡ ಬೇಡ ಅನ್ನುತ್ತ ಪರದೆ ಸರಿಸಿಕೊಂಡು ಹೊರಗೆ ಹೋಗಿಬಿಟ್ಟ. ಹೆಂಗಸು ತಲೆಯೆತ್ತದೆ ತನ್ನ ಮಾತಾಡಿದಳು. ಸ್ಪೀಕರಿಗೆ ಕಿವಿ ಹಚ್ಚಿ ಕೇಳಿದೆ. ಮತ್ತೆ ಕೇಳಿದೆ. ಯಾವುದೋ ದೇಶದ ಯಾವಳೋ ಹೆಂಗಸು, ಯಾವುದೋ ಭಾಷೆ. ನನ್ನೊಳಗೆ ಏನೂ ಅಲುಗಲಿಲ್ಲ. ನನಗೆ ಅಳು ಬಂತು.

"ನನಗೇನೂ ಅನ್ಸವಲ್ದು" ಎಂದು ಅಲ್ಲಿಂದಲೇ ಕೂಗಿದೆ. "ಇದು ಯಾರದೋ ದನಿ."

ಪರದೆಯ ಆಚೆಯಿಂದ ಅಣ್ಣ ಮೆಲ್ಲಗೆ ಅಂದ. "ನಿಂಗ ಹೆಂಗ ಅನ್ನಸ್ತೈತಿ? ನಿನ್ನ ದನಿ ನಿಂಗ ಕೇಳಸ್ತೈತೇನು? ಅವತ್ತು ನಿನ್ನ ಗೆಳತಿ ಅಂದ್ಲಲ್ಲ, ಆ ದನಿ ನಿಂದೇ. ನಿಂದು ಅಂದ್ರ ಅವ್ವಂದು. ಎದುರಿಗಿದ್ರ ನಿನ್ನ ಮುಖ ಇರತೈತಿ, ನಡೀತೈತಿ. ಫೋನಿನಾಗ ಮುಖ ಇರಂಗಿಲ್ಲ."

ನಾನು ಅಲ್ಲೇ ಕೂತೆ. ಇಷ್ಟು ವರ್ಷ ಅವ್ವನ ದನಿ ಹೆಂಗಿತ್ತು ಎಂದು ಸಿಕ್ಕವರನ್ನೆಲ್ಲ ಕೇಳುತ್ತ ಬಂದಿದ್ದೆ. ಕೇಳುವಾಗೆಲ್ಲ ಅದೇ ದನಿಯಲ್ಲಿ ಕೇಳಿದ್ದೆ. ಅತ್ತೆ ಸರಿಯಾಗಿ ಉತ್ತರ ಕೊಡದೆ ರೊಟ್ಟಿ ಬಡಿದದ್ದೂ, ಅಣ್ಣ ಎದ್ದು ಹೋದದ್ದೂ ಯಾಕೆಂದು ನನಗೆ ಆಗ ತಿಳಿಯಿತು. ನನ್ನ ಗಂಟಲನ್ನು ನಾನೇ ಮುಟ್ಟಿ ನೋಡಿಕೊಂಡೆ. ಹೆದರಿಕೆಯಾಯಿತು, ಇದರಲ್ಲಿ ಸುಳ್ಳಿಲ್ಲ.

ಸ್ಪೀಕರಿನ ವಯರನ್ನು ಕಿತ್ತೆ. ಮನೆ ಸದ್ದಡಗಿತು. ಬಾಗಿಲ ಹತ್ತಿರ ಹೋದೆ, ಆದರೆ ಪರದೆ ಸರಿಸಲಿಲ್ಲ. ಅದರ ಕೆಳಗೆ ಅಣ್ಣನ ಎರಡು ಪಾದ ಕಾಣುತ್ತಿದ್ದವು. ಮೂವತ್ತರ ಹತ್ತಿರದ ಗಂಡಸಿನ ಪಾದ, ಬೆರಳುಗಳನ್ನು ಮಡಚಿಕೊಂಡು ನಿಂತಿದ್ದ. ಚೀಲ ಒಳಗೇ ಇತ್ತು. ಅದನ್ನು ಎತ್ತಿ ಹೊರಗೆ ಕೊಟ್ಟುಬಿಟ್ಟರೆ ಅವನು ಹೊರಟೇಹೋಗುತ್ತಾನೆ ಎಂದು ನನಗೆ ಖಂಡಿತವಾಗಿ ಅನಿಸಿತು.

ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನಾಗಿ ತೆರೆಯಿತು.

"ಯಾಕ ಹೊರಗ ನಿಂತಿ? ಒಳಗ ಬಾ."

ದನಿ ಒಡಕಾಗಿತ್ತು. ಅರ್ಧ ಗಂಟಲಲ್ಲೇ ಉಳಿಯಿತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ನಾನು ಅದನ್ನು ಕೇಳಿಸಿಕೊಂಡೆ.

ಎದುರಿನ ಕಟ್ಟಡದಲ್ಲಿ ಯಾರೋ ಕಬ್ಬಿಣದ ಸರಳು ಎಸೆದ ಸದ್ದಾಯಿತು. ಆಮೇಲೆ ಆ ಪಾದಗಳು ಹೊಸ್ತಿಲು ದಾಟಿದವು.

"ಬಂದೆ, ಯವ್ವಾ" ಅಂದ.

ನಮ್ಮ ಕಡೆ ತಂಗಿಗೂ ಹಾಗನ್ನುತ್ತಾರೆ, ತಾಯಿಗೂ ಹಾಗೇ ಅನ್ನುತ್ತಾರೆ. ಯಾರಿಗೆ ಅಂದದ್ದು ಎಂದು ನಾನು ಕೇಳಲಿಲ್ಲ.