ಸಹಿ ಹಾಕದ ಬ್ರೇಕ್ ಅಕ್ಕ

ಬೆಳಗಿನ ಐದೂಕಾಲು. ಲಾರಿ ಡಿಪೋದ ಅಂಗಳದಲ್ಲಿ ಇನ್ನೂ ಮಬ್ಬು. ದೂರದಿಂದ ಬಂದ ಹತ್ತು ಚಕ್ರದ ಲಾರಿಯನ್ನು ಐವತ್ತೊಂದರ ಹೆಂಗಸೊಬ್ಬರು ಗೇಟಿನಲ್ಲೇ ಕೈಯೆತ್ತಿ ನಿಲ್ಲಿಸುತ್ತಾರೆ.

"ನಿಧಾನಕ್ಕೆ ಬಿಡಪ್ಪಾ ಮುಂದೆ. ಹಾಂ, ಈಗ ಬ್ರೇಕ್ ತುಳಿ. ಇನ್ನೊಂದ್ಸಲ."

ತಲೆ ಬಾಗಿಸಿ ಲಾರಿಯ ಜೊತೆಗೇ ನಡೆಯುತ್ತಾರೆ. ಅದು ನಿಂತ ಮೇಲೆ ಒಂದೊಂದು ಚಕ್ರದ ಹತ್ತಿರವೂ ಮುಟ್ಟದೆ ಅಂಗೈ ಒಡ್ಡುತ್ತಾರೆ. "ಹಿಂದೆ ಎಡಗಡೆದು ಕಾದು ಕೆಂಡ, ಬಲಗಡೆದು ತಣ್ಣಗಿದೆ. ಒಬ್ಬ ಇಬ್ಬರ ಕೆಲಸ ಮಾಡ್ತಿದಾನೆ, ಇನ್ನೊಬ್ಬ ಗೊರಕೆ ಹೊಡೀತಿದಾನೆ!" ಚಾಲಕ ನಗುತ್ತಾನೆ. ಅಕ್ಕ ಆಗಲೇ ಜಾಕಿ ಎಳೆದು ತಂದಾಗಿದೆ.

ಡಿಪೋದಲ್ಲಿ ಎಲ್ಲರಿಗೂ ಇವರು 'ಬ್ರೇಕ್ ಅಕ್ಕ'. ಇಪ್ಪತ್ತಾರು ವರ್ಷದ ಹಿಂದೆ ಕಸ ಗುಡಿಸಲು ಬಂದವರು. ಇವರ ಅಣ್ಣ ಅಲ್ಲೇ ಬ್ರೇಕ್ ಫಿಟ್ಟರ್. ಅಣ್ಣನ ಸೊಂಟ ಬಿದ್ದುಹೋದಾಗ ಅವನು ಸ್ಟೂಲಿನ ಮೇಲೆ ಕೂತು ಹೇಳಿದ, ಇವರು ಬಿಚ್ಚಿದರು. ಅವನು ನಿವೃತ್ತನಾದ ಮೇಲೆ ಕೆಲಸ ಪೂರ್ತಿ ಇವರ ಹೆಗಲಿಗೇ ಬಿತ್ತು. ದಿನಕ್ಕೆ ಏಳೆಂಟು ಲಾರಿ. ಚಕ್ರದೊಳಗಿನ ಬ್ರೇಕ್ ಡ್ರಮ್ ಒಂದೊಂದೂ ಐವತ್ತು ಕೆ.ಜಿ. ಮೂಗಿಗೆ ಹಳೇ ಸೀರೆಯ ತುಂಡು ಬಿಟ್ಟರೆ ಬೇರೆ ಮುಸುಕಿಲ್ಲ.

"ಕೀರಲು ಸದ್ದು ಬಂದ್ರೆ ಬರೀ ಧೂಳಿರಬಹುದು, ಗಾಬರಿ ಬೇಡ. ಕರಕರ ಅಂದ್ರೆ ಡ್ರಮ್ಮಿಗೆ ಉಜ್ಜೋ ಲೈನರ್ ಸವೆದು ಮುಗಿದು ಕಬ್ಬಿಣ ಕಬ್ಬಿಣಾನೇ ತಿಂತಿದೆ ಅಂತ. ಇನ್ನು ಚಕ್ರ ಒಂದು ಸುತ್ತಿಗೆ ಒಂದ್ಸಲ ಧಡ್ ಅಂದ್ರೆ, ಡ್ರಮ್ ಬಿಚ್ಚಿ ನೋಡೋವರೆಗೂ ಗಾಡಿ ಬಿಡಬಾರದು."

ಕಳೆದ ವರ್ಷ ಕೇಳಿಸಿದ್ದು ಆ 'ಧಡ್'. ಒಂಬತ್ತು ಲಕ್ಷ ಕಿಲೋಮೀಟರ್ ಓಡಿದ ಲಾರಿ. ಬಿಚ್ಚಿದರೆ ಡ್ರಮ್ಮಿನ ಅಂಚಿನಿಂದ ಒಳಕ್ಕೆ ಗೇಣುದ್ದ ಬಿರುಕು. ಅಕ್ಕ ತಪಾಸಣೆ ಪುಸ್ತಕದಲ್ಲಿ 'ಹೊರಡಬಾರದು' ಎಂದು ಬರೆದರು. ಮ್ಯಾನೇಜರ್ ಬಂದ. "ಹೊಸ ಲೈನರ್ ಹಾಕಿ ಕಳಿಸಮ್ಮ. ಡ್ರಮ್ ಮುಂದಿನ ತಿಂಗಳು ನೋಡೋಣ."

"ಬಿರುಕಿಗೆ ತಿಂಗಳ ಲೆಕ್ಕ ಗೊತ್ತಿಲ್ಲ ಸಾರ್. ನಾನು ಸಹಿ ಹಾಕಲ್ಲ."

ಅವನು ಟೈರ್ ವಿಭಾಗದವನ ಕೈಯಲ್ಲಿ ಸಹಿ ಹಾಕಿಸಿ ಕಳಿಸಿಯೇಬಿಟ್ಟ. ಮೂರನೇ ದಿನ ಇಳಿಜಾರಿನಲ್ಲಿ ಡ್ರಮ್ ಒಡೆಯಿತು. ಕೆಳಗೆ ಜನ ತುಂಬಿದ್ದ ರಸ್ತೆ. ಚಾಲಕ ಲಾರಿಯನ್ನು ಮಣ್ಣಿನ ದಿಬ್ಬಕ್ಕೆ ನುಗ್ಗಿಸಿ ಎಲ್ಲರನ್ನೂ ಉಳಿಸಿದ, ತನ್ನ ಮೊಣಕಾಲು ಕಳೆದುಕೊಂಡ. ಕಂಪನಿ ಏನೆಂದಿತು? 'ಚಾಲಕನ ನಿರ್ಲಕ್ಷ್ಯ.' ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ವಿಚಾರಣೆಯ ದಿನ ಯಾರೂ ಕರೆಯದಿದ್ದರೂ ಅಕ್ಕ ಹೋದರು. ಒಡೆದ ಡ್ರಮ್ಮಿನ ಚೂರನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಪುಸ್ತಕ ಬಿಡಿಸಿಟ್ಟರು. ಅಧಿಕಾರಿ ಹುಬ್ಬೇರಿಸಿದ: "ದಾಖಲೆಯಲ್ಲಿ ನೀವು ಕಸ ಗುಡಿಸೋರು. ಬ್ರೇಕಿನ ವಿಷಯ ನಿಮಗ್ಯಾಕಮ್ಮ?"

ಹೌದು, ಇಪ್ಪತ್ತಾರು ವರ್ಷವಾದರೂ ಕಾಗದದಲ್ಲಿ ಇವರು ಕಸ ಗುಡಿಸುವವರೇ!

"'ಸರಿಯಿದೆ' ಅಂತ ಸಾವಿರಾರು ಸಹಿ ಹಾಕಿದೀನಿ ಸಾರ್," ಅಂದರು ಅಕ್ಕ. "ಆವಾಗ ಯಾರೂ ಈ ಪ್ರಶ್ನೆ ಕೇಳ್ಲಿಲ್ಲ. 'ಸರಿಯಿಲ್ಲ' ಅಂದಾಗ ಮಾತ್ರ ನನ್ನ ಕೈಯಲ್ಲಿ ಪೊರಕೆ ಕಾಣಿಸ್ತಾ?"

ಅಧಿಕಾರಿ 'ಹೊರಡಬಾರದು' ಎಂದಿದ್ದ ಪುಟವನ್ನು ತನ್ನತ್ತ ಎಳೆದುಕೊಂಡ. ಚಾಲಕನ ಮೇಲಿನ ಆರೋಪ ಬಿದ್ದುಹೋಯಿತು. ಕೋಲೂರಿಕೊಂಡೇ ಆತ ಈಗ ಡಿಪೋದ ಉಗ್ರಾಣ ನೋಡಿಕೊಳ್ಳುತ್ತಾನೆ. ಮ್ಯಾನೇಜರ್? ಅವನಿಗೆ ಕೂದಲೂ ಕೊಂಕಲಿಲ್ಲ. ಇನ್ನೂ ದೊಡ್ಡ ಡಿಪೋಕ್ಕೆ ಹೋದ. ಅಕ್ಕನ ಹುದ್ದೆಯ ಕಾಲಂ ಹಾಗೇ ಇದೆ. ಅದನ್ನು ತಿದ್ದಲು ಒಂದು ಪೆನ್ನು, ಒಂದು ನಿಮಿಷ ಸಾಕು. ಆ ನಿಮಿಷ ಯಾರ ಬಳಿಯೂ ಇಲ್ಲ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, ಕಪ್ಪು ಮೆತ್ತಿದ ಬೆರಳುಗಳನ್ನು ಬಟ್ಟೆಯಲ್ಲಿ ಒರೆಸುತ್ತಾ ಹೇಳುತ್ತಾರೆ:

"ಹುದ್ದೆ ಯಾವಾಗ ಬೇಕಾದ್ರೂ ಬರ್ಕೊಳ್ಲಿ. ನಾನು ಬೇಡ ಅಂದ ಗಾಡಿ ನಿಲ್ಲಬೇಕು. ಅಷ್ಟೇ."