ಬೆಣ್ಣೆಯಚ್ಚಿನ ಲಿಂಗಿ

ಮಂಗಳವಾರ, ಸಂತೆಯ ದಿನ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಲ್ಲಟ್ಟಿ ದಾರಿಯ ಇಕ್ಕೆಲದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ, ಉಪ್ಪು ಚೆಲ್ಲಿದಂತೆ ಬಿದ್ದಿದೆ. ದಾರಿ ಬದಿಯ ತಗಡಿನ ಗುಡಿಸಲಲ್ಲಿ ಲಿಂಗಿ ಕಂಬಳಿ ಹೊದ್ದು ಕುಳಿತು ಎಮ್ಮೆಯ ಬೆಣ್ಣೆಯನ್ನು ಬಿಲ್ಲೆ ತಟ್ಟುತ್ತಿದ್ದಾಳೆ. ಪಕ್ಕದಲ್ಲಿ ತಣ್ಣೀರಿನ ಬೋಗುಣಿ. ಅಂಗೈಯಗಲದ ಮರದ ಅಚ್ಚೊಂದನ್ನು ಅದರಲ್ಲಿ ಅದ್ದಿ, ಕೊಡವಿ, ಬಿಲ್ಲೆಯ ಮೇಲೆ ಒತ್ತುತ್ತಾಳೆ. ಅಚ್ಚು ಮೇಲೆದ್ದಾಗ ಬೆಣ್ಣೆಯ ಮೇಲೊಂದು ಹಸು ನಿಂತಿರುತ್ತದೆ, ಕಾಲಡಿ ಹುಲ್ಲಿನ ಎಸಳುಗಳ ಸಮೇತ.

"ಅಚ್ಚು ಒಣಗಿದ್ದರೆ ಬೆಣ್ಣೆ ಬಿಡದು. ನೀರು ಬೆಚ್ಚಗಾದರೂ ಬಿಡದು," ಎನ್ನುತ್ತಾಳೆ. ಆ ನೀರಿಗೆ ನಾನು ಬೆರಳು ಅದ್ದಿ ನೋಡಿ ತಕ್ಷಣ ತೆಗೆದೆ. ಅವಳ ಕೈ ಮಾತ್ರ ಬಿಸಿಲೇರುವವರೆಗೂ ಅದರಲ್ಲೇ ಆಡುತ್ತಿರುತ್ತದೆ.

ಕೆಲಸ ಮುಗಿದ ಮೇಲೆ ಬೆಣ್ಣೆಯನ್ನು ಎಲೆಯಲ್ಲಿ ಸುತ್ತಿ ಬುಟ್ಟಿ ತುಂಬಿಸಿ ಒತ್ತಗೆಗೆ ನಡೆಯುತ್ತಾಳೆ. ಸರ್ಕಾರದ ಕಾಗದಗಳಲ್ಲಿ ಉದಕಮಂಡಲ ಎಂದಿರುವ ಊರು ಈ ಬೆಟ್ಟದವರ ಬಾಯಲ್ಲಿ ಒತ್ತಗೆ. ಸಂತೆಯಲ್ಲಿ ಅವಳ ಜಾಗ ಆಲೂಗಡ್ಡೆ ಮಾರುವವರ ಸಾಲಿನ ಕೊನೆಗಿದೆ. ಬೆಣ್ಣೆಯ ಹಿಂದೆ ಗೋಣಿ ಹಾಸಿ ಅದರ ಮೇಲೆ ಅಚ್ಚುಗಳನ್ನು ಸಾಲಾಗಿ ಜೋಡಿಸುತ್ತಾಳೆ: ಗೋಧಿಯ ತೆನೆ, ಮುಳ್ಳುಹೂವು, ನಕ್ಷತ್ರ, ಎರಡು ಎಲೆಯ ನಡುವೆ ಒಂದು ಓಕ್ ಕಾಯಿ. ಅವು ಮಾರಾಟಕ್ಕಲ್ಲ. ಹೊಸಬರು ಬೆಲೆ ಕೇಳಿದರೆ ತಲೆಯಾಡಿಸಿ ಬೆಣ್ಣೆ ತೋರಿಸುತ್ತಾಳೆ.

ಬಿಳಿಯರ ಮನೆಗಳಲ್ಲಿ ಬೆಣ್ಣೆಯನ್ನು ಹಾಗೆಯೇ ಮೇಜಿಗೆ ಕಳಿಸುವುದಿಲ್ಲ. ಮರದಲ್ಲಿ ಕೆತ್ತಿದ ಚಿತ್ರ ಒತ್ತಿಯೇ ಕಳಿಸುತ್ತಾರೆ. ಒಂದೊಂದು ಮನೆಗೆ ಒಂದೊಂದು ಚಿತ್ರ. ಲಿಂಗಿ ಈ ಕೆಲಸ ಕಲಿತದ್ದು ಅಂಥ ಒಂದು ಬಂಗಲೆಯಲ್ಲಿ. ಗಂಡ ಸತ್ತಾಗ ಮಗಳು ಚಿನ್ನಿ ಇನ್ನೂ ಹೊಟ್ಟೆಯಲ್ಲಿದ್ದಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂಗಲೆಯ ಬೆಣ್ಣೆಕೋಣೆಗೆ ಸೇರಿದಳು. ಹಟ್ಟಿಯ ಹಿರಿಯರಿಗೆ ಇದು ಸರಿಬರಲಿಲ್ಲ. ಅವಳ ಜನರಾದ ಬಡಗರ ಮನೆಗಳಲ್ಲಿ ಹಾಲಿನ ಕೋಣೆಗೆ ಹೆಂಗಸರು ಕಾಲಿಡುವಂತಿಲ್ಲ. ಕರೆಯುವುದು, ಕಡೆಯುವುದು ಎಲ್ಲ ಗಂಡಸರದೇ. ಮನೆಯಲ್ಲಿ ಮುಟ್ಟಬಾರದ್ದನ್ನು ಬಿಳಿಯರ ಮನೆಯಲ್ಲಿ ಮುಟ್ಟುತ್ತಾಳೆಂದು ಮಾತು ಬೆಳೆಯಿತು. ಈಗಲೂ ಅವಳು ಬೆಣ್ಣೆ ತಟ್ಟುವುದು ಹಟ್ಟಿಯ ಹೊರಗೆ, ಈ ಗುಡಿಸಲಲ್ಲಿ. ಮೈದುನ ಮಲ್ಲ ಎಮ್ಮೆ ಕರೆದು, ಕಡೆದು, ಬೆಣ್ಣೆಯನ್ನು ಇಲ್ಲಿಗೆ ತಂದಿಟ್ಟು ಹೋಗುತ್ತಾನೆ. ಹಿರಿಯರು ನೋಡಿ ನೋಡಿ ಸುಮ್ಮನಾಗಿದ್ದಾರೆ.

ಬಂಗಲೆಯ ಅಚ್ಚಿನಲ್ಲಿ ಜರಿಗಿಡದ ಒಂದು ಎಲೆ ಇತ್ತು. ಚಿನ್ನಿಗೆ ಹಲ್ಲು ಮೂಡುವಾಗ ಅಳು ನಿಲ್ಲಿಸಲು ಲಿಂಗಿ ಆ ಅಚ್ಚನ್ನೇ ಅವಳ ಕೈಗೆ ಕೊಡುತ್ತಿದ್ದಳು. ಕೂಸು ಅದರ ಗುಂಡು ಹಿಡಿಯನ್ನು ಕಚ್ಚಿ ಕಚ್ಚಿ, ಎರಡು ಪುಟ್ಟ ಹಲ್ಲುಗಳ ಗುರುತು ಮರದಲ್ಲಿ ಉಳಿಯಿತು. ದೊರೆಸಾನಿ ನೋಡಿ ಬೈಯಲಿಲ್ಲ, ನಕ್ಕಳಂತೆ.

ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ದೊಡ್ಡ ಜ್ವರದಲ್ಲಿ ಚಿನ್ನಿ ಹೋದಳು. ಆಗ ಅವಳು ಲಂಗ ಎತ್ತಿಕಟ್ಟಿ ತಾಯಿಯ ಜೊತೆ ಬುಟ್ಟಿ ಹೊರುವಷ್ಟು ದೊಡ್ಡವಳು. ಜ್ವರ ಹರಡದಿರಲೆಂದು ಹಟ್ಟಿಯವರು ಸತ್ತವರ ಚಾಪೆ, ಕಂಬಳಿ, ಬಟ್ಟೆ ಎಲ್ಲವನ್ನೂ ಸುಟ್ಟರು. ಚಿನ್ನಿಯ ಮಣಿಸರವೂ ಆ ಬೆಂಕಿಗೆ ಹೋಯಿತು.

"ಎನ್ನ ಕೂಸು ಇತ್ತು ಅನ್ನಲು ಒಂದು ನೂಲೂ ಉಳಿಯಲಿಲ್ಲೆ," ಎನ್ನುತ್ತಾಳೆ ಲಿಂಗಿ, ಬೆಣ್ಣೆಯ ಅಂಚು ಸವರುತ್ತ. "ಆಮೇಲೆ ಆ ಅಚ್ಚಿನ ನೆನಪಾಯಿತು."

ಸೂತಕ ಕಳೆದು ಬಂಗಲೆಗೆ ಹೋದರೆ ಬಾಗಿಲಿಗೆ ಬೀಗ. ಮನೆಯವರು ಕಡಲಾಚೆಯ ತಮ್ಮ ಸೀಮೆಗೆ ಹೊರಟುಹೋಗಿದ್ದರು. ಸಾಮಾನೆಲ್ಲ ಹರಾಜಿನಲ್ಲಿ ಹೋಗಿತ್ತು. ಸಂತೆಯ ಹಿಂದಿನ ಓಣಿಯಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟಿದ್ದ ನಂಜುಂಡನ್ ಅಡಿಗೆಮನೆಯ ಬುಟ್ಟಿಗಳನ್ನು ಕೊಂಡಿದ್ದನೆಂದು ತಿಳಿದು ಅಲ್ಲಿಗೆ ಓಡಿದಳು. ಅವನು ಬುಟ್ಟಿ ಸುರಿದು ತೋರಿಸಿದ. ಜರಿ ಎಲೆ ಅದರಲ್ಲಿರಲಿಲ್ಲ. ಬೇರೆ ಯಾವುದೋ ಮನೆಯ ಹಂಸದ ಅಚ್ಚು ಇತ್ತು. ಸೌದೆಯ ಜೊತೆ ಒಲೆಗೆ ಹೋಗಬೇಕಾಗಿದ್ದ ಅದನ್ನು ಲಿಂಗಿ ಒಂದು ಮುದ್ದೆ ಬೆಣ್ಣೆ ಕೊಟ್ಟು ಎತ್ತಿಕೊಂಡಳು. ಯಾಕೆ ಎಂದು ಕೇಳಿದರೆ ಅವಳಿಗೂ ಸರಿಯಾಗಿ ಗೊತ್ತಿಲ್ಲ. ಅದನ್ನೂ ಯಾರೋ ಕೈಯಲ್ಲಿ ಹಿಡಿದಿದ್ದರಲ್ಲ ಅನ್ನಿಸಿತಂತೆ.

ಅಂದಿನಿಂದ ಹುಡುಕಾಟ. ಪ್ರತಿ ಸಂತೆಯ ದಿನ ಬೆಣ್ಣೆ ಮುಗಿದ ಮೇಲೆ ಹಳೆ ಸಾಮಾನಿನ ಅಂಗಡಿಗಳನ್ನು ಒಂದೊಂದಾಗಿ ಸುತ್ತುವುದು. ಕುನ್ನೂರಿನ ಕಡೆ ಬಂಗಲೆ ಖಾಲಿಯಾಗುತ್ತಿದೆ ಎಂದು ಕೇಳಿದರೆ ಅಲ್ಲಿಗೂ ನಡೆಯುವುದು. ಹುಡುಕಿದ್ದು ಸಿಗಲಿಲ್ಲ, ಸಿಕ್ಕಿದ್ದನ್ನು ಬಿಡಲಿಲ್ಲ. ಹಟ್ಟಿಯ ಹೆಂಗಸರು ಮರದ ಚೂರು ಆಯುವವಳು ಎಂದು ನಕ್ಕರು. ಮಲ್ಲ ಮಾತ್ರ ಅವುಗಳನ್ನಿಡಲು ಒಂದು ಪೆಟ್ಟಿಗೆ ಮಾಡಿಕೊಟ್ಟ.

ಆ ಬಂಗಲೆಯ ಬುಟ್ಟಿಗಳಲ್ಲಿದ್ದ ಕೆಲವು ಮರದ ಸಾಮಾನನ್ನು ಗಾಡಿಯ ವ್ಯಾಪಾರಿಯೊಬ್ಬ ಗೂಡಲೂರಿಗೆ ಒಯ್ದಿದ್ದನೆಂದು ನಂಜುಂಡನ್‌ಗೆ ನೆನಪಾದದ್ದು ಬಹಳ ವರ್ಷಗಳ ಮೇಲೆ. ಲಿಂಗಿ ಮೋಟಾರು ಹತ್ತಿ ಘಾಟಿ ಇಳಿದಳು. ಆ ಸಲ ಏನೂ ಸಿಗಲಿಲ್ಲ. ಮುಂದಿನ ಸಲವೂ ಇಲ್ಲ. ಮೂರನೆಯ ಸಲ ತೊರಪಳ್ಳಿ ಕಡೆಯ ಗಾಡಿಗಳು ನಿಲ್ಲುವ ಮರದ ಕೆಳಗೆ ಹಸಿವಾಗಿ ಕುಳಿತಳು. ಅಲ್ಲಿ ಕಮಲಂ ಎಂಬ ಮಲಯಾಳಿ ಹೆಂಗಸು ಅಕ್ಕಿಹಿಟ್ಟು, ಬೆಲ್ಲ, ತೆಂಗಿನಕಾಯಿ ಕಲಸಿದ ಸಿಹಿ ಬಿಲ್ಲೆ ಮಾರುತ್ತಿದ್ದಳು. ಎಲೆಯ ಮೇಲಿಟ್ಟು ಕೊಟ್ಟ ಬಿಲ್ಲೆಯ ಮೇಲೆ ಜರಿ ಎಲೆ ಅಚ್ಚೊತ್ತಿತ್ತು.

"ತಿನ್ನಲು ಆಗಲಿಲ್ಲೆ. ಸೆರಗಲ್ಲಿ ಕಟ್ಟಿಕೊಂಡು ಬಂದುಬಿಟ್ಟೆ," ಎನ್ನುತ್ತಾಳೆ. ಆ ಹೆಂಗಸಿನ ಅನ್ನ ಅದರಲ್ಲಿದೆ, ಹೇಗೆ ಕೇಳುವುದು ಎಂದು ವಾರವೆಲ್ಲ ಹೊರಳಾಡಿದಳು. ಕೊನೆಗೆ ಪೆಟ್ಟಿಗೆಯ ಅಚ್ಚುಗಳನ್ನೆಲ್ಲ ಗೋಣಿಗೆ ತುಂಬಿ ಮತ್ತೆ ಘಾಟಿ ಇಳಿದಳು. ಕಮಲಂಗೆ ನಡೆದದ್ದನ್ನೆಲ್ಲ ಹೇಳಿ, ಇದರಲ್ಲಿ ಬೇಕಾದ್ದು ಆರಿಸಿಕೋ, ಆ ಒಂದನ್ನು ಕೊಡು ಎಂದಳು.

ಕಮಲಂ ನಂಬಲಿಲ್ಲ. ಯಾರೋ ತನ್ನ ವ್ಯಾಪಾರ ಕೆಡಿಸಲು ಕಳಿಸಿದವಳು ಎಂದುಕೊಂಡಳು. ಲಿಂಗಿ ಅಚ್ಚನ್ನು ಮುಟ್ಟದೆ, ಹಿಡಿಯ ಯಾವ ಬದಿಯಲ್ಲಿ ಗುರುತಿದೆ ಎಂದು ಹೇಳಿದಳು. ಕಮಲಂ ಹಿಡಿಗೆ ಮೆತ್ತಿದ ಹಿಟ್ಟನ್ನು ಉಗುರಿನಿಂದ ಕೆರೆದಳು. ಎರಡು ಕುಳಿಗಳು ಕಂಡವು. ಇಷ್ಟು ದಿನ ಇಲಿ ಕಡಿದದ್ದು ಎಂದುಕೊಂಡಿದ್ದಳಂತೆ. ಆಮೇಲೆ ಅಚ್ಚನ್ನು ಸೆರಗಿನಿಂದ ಒರೆಸಿ ಲಿಂಗಿಯ ಮಡಿಲಲ್ಲಿ ಇಟ್ಟಳು.

"ಕೊಂಡುಹೋಗು ಚೇಚಿ. ನಿನ್ನ ಕುಟ್ಟಿಯದು."

ಅಕ್ಕಾ ಎಂದು ಕರೆದು ಕೂಸಿನದೆಂದು ಕೊಟ್ಟದ್ದನ್ನು ಲಿಂಗಿ ಬೇಡ ಎನ್ನಲಿಲ್ಲ. ಉಪಚಾರಕ್ಕೂ ಎನ್ನಲಿಲ್ಲ. ಇದನ್ನು ನನಗೆ ಹೇಳುವಾಗ ಅವಳಿಗೆ ಸಂಕೋಚವೂ ಇಲ್ಲ. ಕಮಲಂ ಗೋಣಿಯನ್ನು ಬಹಳ ಹೊತ್ತು ತಡಕಿ ಅನಾನಸ್ ಹಣ್ಣಿನ ಅಚ್ಚನ್ನು ಆರಿಸಿದಳು, ಹಲಸು ಎಂದುಕೊಂಡು. ಗಾಡಿಯವರು ಕೆಲವು ದಿನ ಎಲೆ ಬಿಲ್ಲೆ ಎಲ್ಲಿ ಎಂದು ಗೊಣಗಿದರು. ಈಗ ಹಲಸಿನ ಬಿಲ್ಲೆ ಎಂದೇ ಕೇಳಿ ತಿನ್ನುತ್ತಾರೆ.

ಜರಿ ಎಲೆ ಮನೆಯಲ್ಲಿದೆ. ಅದರಿಂದ ಅವಳು ಬೆಣ್ಣೆ ಒತ್ತುವುದಿಲ್ಲ. ಗುಡಿಸಲಿಗೂ ತರುವುದಿಲ್ಲ. ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಹುಡುಕಿದ್ದು ಸಿಕ್ಕಿತಲ್ಲ, ಇನ್ನೂ ಯಾಕೆ ಅಂಗಡಿ ಸುತ್ತುವುದು? ಹಟ್ಟಿಯವರು ಕೇಳುವ ಈ ಪ್ರಶ್ನೆಯನ್ನು ನಾನೂ ಕೇಳಿದೆ. ಉತ್ತರವಾಗಿ ಅವಳು ಹಿಂದಿನ ಚಳಿಗಾಲದ ಒಂದು ಸಂತೆಯ ಮಾತು ಹೇಳಿದಳು. ರಾಜಾಮಣಿ ಎಂಬ ಮುದುಕ, ಒಂದು ಕಾಲದ ಬಂಗಲೆ ಅಡಿಗೆಯವನು, ಬೆಣ್ಣೆಗೆಂದು ಬಂದವನು ಗೋಣಿಯ ಮೇಲಿನ ಹಂಸವನ್ನು ನೋಡಿ ಅಲ್ಲೇ ಕುಕ್ಕರಿಸಿದ. ಹೊಸದಾಗಿ ಮದುವೆಯಾದಾಗ ಅವನೂ ಅವನ ಹೆಂಡತಿಯೂ ಒಂದೇ ಅಡಿಗೆಮನೆಯಲ್ಲಿದ್ದರು. ಆ ಹಂಸವನ್ನು ಒತ್ತುತ್ತಿದ್ದವಳು ಅವಳು. ಲಿಂಗಿ ಮುಂದೇನೂ ಕೇಳದೆ ಅದನ್ನು ಬೆಣ್ಣೆಯ ಜೊತೆ ಎಲೆಯಲ್ಲಿ ಸುತ್ತಿ ಕೊಟ್ಟುಬಿಟ್ಟಳು.

ಈಗ ಅವಳಿಗೆ ಬೇಕಾಗಿರುವುದು ಅಚ್ಚುಗಳನ್ನು ತೂಗುಹಾಕಲು ಸಂತೆಯಲ್ಲಿ ದಾರಿಗೆ ಮುಖಮಾಡಿದ ಒಂದು ತುಂಡು ಗೋಡೆ, ಮೇಲೆ ಮಳೆ ಬೀಳದಂತೆ ಒಂದು ತಗಡು. ಗೋಣಿ ನೆಲದಲ್ಲಿರುವುದರಿಂದ ಜನ ದಾಟಿಹೋಗುತ್ತಾರೆ. ಮಳೆಯ ತಿಂಗಳುಗಳಲ್ಲಿ ಅಚ್ಚುಗಳನ್ನು ಹರಡುವಂತೆಯೇ ಇಲ್ಲ. ಸಂತೆಯ ಮೇಸ್ತ್ರಿಯನ್ನು ಕೇಳಿದ್ದಾಳೆ, ನೋಡೋಣ ಎಂದಿದ್ದಾನೆ.

"ಎನ್ನದು ಎನಗೆ ಸಿಕ್ಕಿತು," ಎನ್ನುತ್ತ ಅವಳು ಒಂದೊಂದೇ ಅಚ್ಚನ್ನು ಒರೆಸಿ ಪೆಟ್ಟಿಗೆಗಿಡುತ್ತಾಳೆ. "ಇವನ್ನೂ ಯಾರಾದರೂ ಹುಡುಕುತ್ತ ಇರುವರು. ಅವರು ಬರುವಾಗ ಕಣ್ಣಿಗೆ ಬೀಳಬೇಕಲ್ಲ."