ರುದ್ರಪ್ಪನವರ ಜೇಬಿನ ಚೂರು
ನಮ್ಮ ಕಟ್ಟಡದ ಕಾರ್ಯದರ್ಶಿ ರುದ್ರಪ್ಪನವರು ಯಾರನ್ನೂ ಕೇಳದೆ ಒಂದು ಮೊಳೆಯನ್ನೂ ಹೊಡೆಸುವವರಲ್ಲ. ಕೆಳಗಿನ ಲಾಬಿಯನ್ನು ದೊಡ್ಡ ಹೋಟೆಲಿನಂತೆ ಮಾಡಿಸುವಾಗ ಜೇಬಿನ ತುಂಬ ಅಮೃತಶಿಲೆಯ ಚೂರುಗಳನ್ನಿಟ್ಟುಕೊಂಡು ಮನೆಮನೆಗೂ ಬಂದರು. "ಅಕ್ಕಾರ, ಸ್ವಲ್ಪ ನೀರು ಕೊಡ್ರಿ, ತೋಯಿಸಿದ್ರ ಬಣ್ಣ ಬರೋಬರ್ ಕಾಣತೈತಿ" ಎನ್ನುವರು. ಒಬ್ಬರ ಮಾತಿಗೆ ದೀಪದ ಗೊಂಚಲು ಬಂತು, ಇನ್ನೊಬ್ಬರ ಮಾತಿಗೆ ಕನ್ನಡಿಯ ಗೋಡೆ, ನಾಗಪುರದ ಬಿಸಿಲಿಗೆಂದು ನಾನು ಹೇಳಿದ ತಿಳಿ ಬಣ್ಣವೂ ಬಂತು. ಅವರು ಕೇಳದೆ ಬಿಟ್ಟದ್ದು ಹೆಂಡತಿ ಕಾಶಿಬಾಯಿಯನ್ನು ಮಾತ್ರ. ಆಕೆ ಸಂಜೆ ಲಾಬಿಯಲ್ಲಿ ಕೂರುತ್ತಿದ್ದ ಕೆಂಪು ಗಾರೆಯ ಕಟ್ಟೆಯನ್ನು ಒಡೆದು, ಅದರ ಜಾಗದಲ್ಲಿ ಹಾಕಿಸಿದ ಸೋಫಾ ಬಲು ತಗ್ಗು. ಮಂಡಿನೋವಿನ ಆಕೆ ಕೂತರೆ ಏಳಲಾರರು, ಕೆಳಗಿಳಿಯುವುದನ್ನೇ ಬಿಟ್ಟರು. ರುದ್ರಪ್ಪನವರು ಈಗಲೂ ಬಂದು ನೀರು ಕೇಳುತ್ತಾರೆ. ಆ ಕಟ್ಟೆಯ ಚೂರನ್ನು ತೋಯಿಸಿ, ಕೆಂಪು ಏಳುವವರೆಗೆ ನೋಡಿ, "ಈ ಕೆಂಪು ಸೀತಾಬರ್ಡಿ ಪ್ಯಾಟ್ಯಾಗೂ ಸಿಗಲಿಲ್ರಿ" ಎಂದು ಒರೆಸಿ ಜೇಬಿಗಿಡುತ್ತಾರೆ.